ಎಲ್ಲಾ ಬದಲಾದಾಗ ಬರುವ ಆ ತಬ್ಬಿಬ್ಬನ್ನು ನೀವೆಲ್ಲ ಏನು ಮಾಡುತ್ತೀರಿ?

ಹೊಸಮನೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದವನು, ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಾಲ್ಕು ತಿಂಗಳ ಹಿಂದೆ ನನಗೆ ಎರಡು ಬದಲಾವಣೆ ಒಟ್ಟಿಗೆ ಬಂದವು. ಹದಿನಾಲ್ಕು ವರ್ಷ ಮಾಡಿದ ಕೆಲಸ ಬಿಟ್ಟು ಬೇರೆಯೇ ಥರದ ಕೆಲಸಕ್ಕೆ ಸೇರಿದೆ. ಅದಕ್ಕಾಗಿ ಮನೆಯನ್ನೂ ಬದಲಿಸಬೇಕಾಯಿತು. ಯಾರೂ ನೂಕಿದ್ದಲ್ಲ, ನಾನೇ ಬೇಕು ಅಂತ ಮಾಡಿದ್ದು. ತಮಾಷೆ ಇರುವುದೇ ಅಲ್ಲಿ. ನಾನೇ ಕೇಳಿ ತಂದುಕೊಂಡದ್ದಕ್ಕೆ ನಾನೇ ಯಾಕೆ ಹೀಗೆ ಕಂಗಾಲಾಗಿದ್ದೇನೆ?

ಒಂದು ಸಣ್ಣ ವಿಷಯ ಹೇಳುತ್ತೇನೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುತ್ತೇನೆ. ಹಳೇ ಮನೆಯಲ್ಲಿ ಸ್ವಿಚ್ ಬಾಗಿಲ ಎಡಕ್ಕೆ, ಭುಜದ ಎತ್ತರಕ್ಕೆ ಇತ್ತು. ಇಲ್ಲಿ ಬಲಕ್ಕೆ, ಅದೂ ಸೊಂಟದ ಹತ್ತಿರ. ನಾಲ್ಕು ತಿಂಗಳಾದರೂ ನನ್ನ ಎಡಗೈ ಹೋಗಿ ಬರೀ ಗೋಡೆಯನ್ನೇ ತಡವುತ್ತದೆ. ತಡವಿ ತಡವಿ ಆ ಜಾಗದಲ್ಲಿ ಬಣ್ಣದ ಮೇಲೆ ಒಂದು ಮಾಸಲು ಕಲೆಯೇ ಬಿದ್ದಿದೆ. ಆ ಎರಡು ಸೆಕೆಂಡು ಕತ್ತಲಲ್ಲಿ ನಾನು ಎಲ್ಲಿದ್ದೇನೆ, ಯಾವ ಮನೆ, ಯಾವ ವರ್ಷ, ಯಾವುದೂ ಗೊತ್ತಾಗುವುದಿಲ್ಲ. ಎದೆ ಧಸಕ್ ಅನ್ನುತ್ತದೆ.

ಹಗಲು ಕೆಲಸದಲ್ಲೂ ಇದೇ ಕಥೆ. ಹಿಂದಿನ ಕಡೆ ಜನ ನನ್ನನ್ನು ಕೇಳಲು ಬರುತ್ತಿದ್ದರು. ಇಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳೊಬ್ಬಳನ್ನು 'ಇದನ್ನ ಎಲ್ಲಿ ಸೇವ್ ಮಾಡೋದು' ಅಂತ ದಿನಕ್ಕೆ ಮೂರು ಸಲ ಕೇಳಬೇಕು. ಅವಳೇನೋ ಪಾಪ ಚೆನ್ನಾಗೇ ಹೇಳಿಕೊಡುತ್ತಾಳೆ. ನನಗೇ ಕುತ್ತಿಗೆ ಬಿಸಿಯಾಗುತ್ತದೆ.

ಎಲ್ಲರೂ ಹೇಳುವುದು ಒಂದೇ ಮಾತು: 'ಬದಲಾವಣೆಯನ್ನು ಅಪ್ಪಿಕೊಳ್ಳಿ, ಬೆಳೆಯುತ್ತೀರಿ.' ಅಪ್ಪಿಕೊಳ್ಳೋದು ಹೇಗೆ ಸ್ವಾಮಿ? ಹಿಡಿಯಲು ಏನೂ ಸಿಗದೇ ಇರೋದೇ ಇಲ್ಲಿ ಕಷ್ಟ ಅಲ್ವಾ?

ನೇರಮಾತು

ಒಂದು ರೇಡಿಯಂ ಸ್ಟಿಕ್ಕರ್ ತಂದು ಸ್ವಿಚ್ ಮೇಲೆ ಅಂಟಿಸಿ. ಚರ್ಚೆ ಮುಗೀತು.

ಕೊನೆಬೆಂಚು

@ನೇರಮಾತು ಇವರಿಗೆ ಎಲ್ಲದಕ್ಕೂ ಸ್ಟಿಕ್ಕರ್ರೇ ಪರಿಹಾರ :)

ಹೊಸಮನೆ ಅವರೇ, ನಿಮ್ಮ ಎಡಗೈ ಕಥೆ ಓದಿ ನನಗೆ ತಟ್ಟನೆ ಸ್ಟ್ರಾಟನ್ ನೆನಪಾದ. ಮನಶ್ಶಾಸ್ತ್ರ ಓದುವಾಗ ಪಾಠಕ್ಕಿದ್ದ, ಪರೀಕ್ಷೆಗೆ ಉರು ಹೊಡೆದು ಮರೆತಿದ್ದೆ. ನನ್ನದೇ ಬದುಕು ಒಮ್ಮೆ ತಲೆಕೆಳಗಾದ ಮೇಲೆ ಮತ್ತೆ ಹುಡುಕಿಕೊಂಡು ಓದಿದೆ.

ಜಾರ್ಜ್ ಸ್ಟ್ರಾಟನ್ ಅಮೆರಿಕದ ಮನಶ್ಶಾಸ್ತ್ರಜ್ಞ. 1890ರ ದಶಕದಲ್ಲಿ ಈ ಮನುಷ್ಯ ತನ್ನ ಮೇಲೇ ಒಂದು ಪ್ರಯೋಗ ಮಾಡಿಕೊಂಡ. ಬಲಗಣ್ಣಿಗೆ ಲೆನ್ಸುಗಳಿದ್ದ ಒಂದು ಕೊಳವೆ ಕಟ್ಟಿಕೊಂಡು ಎಡಗಣ್ಣನ್ನು ಪೂರ್ತಿ ಮುಚ್ಚಿಕೊಂಡ. ಆ ಲೆನ್ಸಿನಲ್ಲಿ ನೋಡಿದರೆ ಜಗತ್ತು ತಲೆಕೆಳಗು, ಜೊತೆಗೆ ಎಡ ಬಲವೂ ಅದಲು ಬದಲು. ಮೊದಲ ಸಲ ಮೂರು ದಿನ ಹಾಗಿದ್ದ. 1897ರಲ್ಲಿ ಪ್ರಕಟಿಸಿದ ಎರಡನೇ ಪ್ರಯೋಗದಲ್ಲಿ ಎಂಟು ದಿನ, ಒಟ್ಟು 87 ಗಂಟೆ. ಕೊಳವೆ ತೆಗೆದಾಗಲೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ, ಹಳೇ ಜಗತ್ತು ಒಂದು ಚೂರೂ ಕಾಣಬಾರದು ಅಂತ.

ಮೊದಲ ದಿನಗಳಲ್ಲಿ ನಿಮ್ಮದೇ ಅವಸ್ಥೆ. ಕೈ ಒಂದು ಕಡೆ ಹೋಗುತ್ತದೆ, ವಸ್ತು ಇನ್ನೊಂದು ಕಡೆ ಇರುತ್ತದೆ. ತಲೆ ತಿರುಗಿಸಿದರೆ ಇಡೀ ಕೋಣೆ ತೂಗಿದ ಹಾಗೆ, ಹೊಟ್ಟೆ ತೊಳಸಿದ ಹಾಗೆ. ದಿನ ಕಳೆದಂತೆ ಮನೆಯೊಳಗೆ ಸರಾಗವಾಗಿ ಓಡಾಡಲು ಬಂತು. ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಮಾತು. ಅವನು ಎದ್ದು ಓಡಾಡುತ್ತಾ ಕೈಯಿಂದ ಏನಾದರೂ ಮಾಡುತ್ತಾ ಇದ್ದಾಗ ಜಗತ್ತು ನೆಟ್ಟಗಿದೆ ಅನ್ನಿಸುತ್ತಿತ್ತಂತೆ. ಸುಮ್ನೆ ಕೂತು ತನ್ನ ಮೈ ಎಲ್ಲಿದೆ ಹೇಗಿದೆ ಅಂತ ಯೋಚಿಸಿದ ಕೂಡಲೇ ಹಳೇ ಚಿತ್ರ ವಾಪಸ್ ಬಂದು ಎಲ್ಲಾ ಉಲ್ಟಾ ಆಗುತ್ತಿತ್ತಂತೆ.

ಅದಕ್ಕೇ ಕೇಳುತ್ತೇನೆ, ನೀವು ಕೂತು ಯೋಚಿಸೋದು ಜಾಸ್ತಿಯೋ ಎದ್ದು ಮಾಡೋದು ಜಾಸ್ತಿಯೋ?

ಹೊಸಮನೆ

ಕೂತು ಯೋಚಿಸೋದೇ ಜಾಸ್ತಿ. ಪತ್ತೆ ಹಚ್ಚಿಬಿಟ್ಟಿರಿ. ಸಂಜೆ ಆದರೆ ಸಾಕು, 'ತಪ್ಪು ಮಾಡಿದೆನಾ' ಅಂತ ಲೆಕ್ಕ ಹಾಕುತ್ತಾ ಕೂರುತ್ತೇನೆ. ಆ ಲೆಕ್ಕಕ್ಕೆ ಉತ್ತರ ಬಂದದ್ದೇ ಇಲ್ಲ.

ಕಿವಿಮಾತು

ನಾನು ಫಿಸಿಯೋಥೆರಪಿಸ್ಟ್, ತಲೆಸುತ್ತಿನ ರೋಗಿಗಳೇ ಜಾಸ್ತಿ ಬರುತ್ತಾರೆ. ನೀವು ಹೇಳಿದ್ದನ್ನು ನಾನು ದಿನವೂ ಬೇರೆ ರೂಪದಲ್ಲಿ ನೋಡುತ್ತೇನೆ.

ಕಿವಿಯ ಒಳಗೆ ನಮ್ಮ ಸಮತೋಲನ ನೋಡಿಕೊಳ್ಳುವ ಒಂದು ಪುಟ್ಟ ಯಂತ್ರ ಇದೆ. ಒಂದೊಂದು ಕಿವಿಯಲ್ಲೂ ಮೂರು ಬಾಗಿದ ನಾಳಗಳು, ಅವುಗಳಲ್ಲಿ ದ್ರವ. ತಲೆ ಎತ್ತ ತಿರುಗಿತು ಅನ್ನುವ ಸುದ್ದಿ ಎರಡೂ ಕಿವಿಯಿಂದ ಮಿದುಳಿಗೆ ಹೋಗುತ್ತಿರುತ್ತದೆ. ಒಂದು ಕಡೆಯ ನರಕ್ಕೆ ಊತ ಬಂದರೆ ಎರಡು ಕಡೆಯ ಸುದ್ದಿ ತಾಳೆಯಾಗುವುದಿಲ್ಲ. ಆಗ ಮನೆ ಗಿರ್ರನೆ ತಿರುಗುತ್ತದೆ, ವಾಂತಿ, ನಿಲ್ಲಲೂ ಆಗುವುದಿಲ್ಲ.

ಇಂಥವರು ಏನು ಮಾಡುತ್ತಾರೆ? ತುಂಬಿದ ಕೊಡ ಹೊತ್ತವರ ಹಾಗೆ ತಲೆಯನ್ನು ಒಂಚೂರೂ ಅಲ್ಲಾಡಿಸದೆ ನಡೆಯುತ್ತಾರೆ, ಇಲ್ಲವೇ ಹಾಸಿಗೆ ಬಿಟ್ಟು ಏಳುವುದಿಲ್ಲ. ಅಲ್ಲಾಡಿದರೆ ಸುತ್ತು ಬರುತ್ತದೆ, ಹಾಗಾಗಿ ಅಲ್ಲಾಡುವುದಿಲ್ಲ. ಕೇಳಲು ಸರಿಯಾಗಿಯೇ ಇದೆ. ಆದರೆ ಹಾಗೆ ಮಾಡಿದಷ್ಟೂ ವಾಸಿಯಾಗುವುದು ತಡ. ಕೆಟ್ಟು ಹೋದ ಸುದ್ದಿಯನ್ನು ಇಟ್ಟುಕೊಂಡೇ ಹೊಸ ಲೆಕ್ಕ ಹಾಕಲು ಮಿದುಳು ಕಲಿಯಬೇಕು. ತಲೆ ಅಲ್ಲಾಡದಿದ್ದರೆ ಕಲಿಯಲು ಅದಕ್ಕೆ ಏನೂ ಸಿಗುವುದೇ ಇಲ್ಲ. ಸುತ್ತು ನಿಲ್ಲಿಸುವ ಮಾತ್ರೆಯನ್ನೂ ಡಾಕ್ಟರು ಮೊದಲ ಕೆಲವು ದಿನಕ್ಕೆ ಮಾತ್ರ ಕೊಡುವುದು ಇದಕ್ಕೇ. ಜಾಸ್ತಿ ದಿನ ನುಂಗಿದರೆ ಮಿದುಳಿನ ಆ ಕಲಿಕೆಗೇ ಅಡ್ಡಿ.

1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಅಂತ ಇಬ್ಬರು ವೈದ್ಯರು ತಲೆಗೆ ಪೆಟ್ಟು ಬಿದ್ದವರಿಗೆ ವ್ಯಾಯಾಮ ಹೇಳಿಕೊಡಲು ಶುರು ಮಾಡಿದರು. ಸುತ್ತು ಬರಿಸುವ ಚಲನೆಯನ್ನೇ ಬೇಕೆಂದು ಮಾಡಿಸುವ ವ್ಯಾಯಾಮ ಅದು. ಈಗಲೂ ಅದರ ಮಕ್ಕಳು ಮೊಮ್ಮಕ್ಕಳೇ ನಮ್ಮ ಕೆಲಸದಲ್ಲಿ ಇರುವುದು. ಒಂದು ಚೀಟಿಯ ಮೇಲೆ ಒಂದೇ ಅಕ್ಷರ ಬರೆದು ತೋಳಳತೆಯಲ್ಲಿ ಹಿಡಿಸುತ್ತೇನೆ. ಕಣ್ಣು ಅಕ್ಷರದ ಮೇಲೆಯೇ ಇರಬೇಕು, ತಲೆ ಮಾತ್ರ ಎಡಕ್ಕೆ ಬಲಕ್ಕೆ. ಮೊದಲು ನಿಧಾನ, ಆಮೇಲೆ ಜೋರು. ಅಕ್ಷರ ಮಸುಕಾದರೆ ವೇಗ ಇಳಿಸಬೇಕು.

ಅಳತೆ ಹೇಗೆ ಗೊತ್ತಾ? ಸುತ್ತು ಸ್ವಲ್ಪ ಬರಲೇಬೇಕು. ಕೂತು ಸುಧಾರಿಸಿಕೊಂಡರೆ ಕೆಲವು ನಿಮಿಷದಲ್ಲಿ ಇಳಿಯಬೇಕು. ಏನೂ ಬರದಿದ್ದರೆ ವ್ಯಾಯಾಮ ಸಾಲದು. ಇಡೀ ದಿನ ಇಳಿಯದಿದ್ದರೆ ಜಾಸ್ತಿಯಾಯಿತು, ನಾಳೆ ಅರ್ಧ ಮಾಡಿ.

(ಇದನ್ನು ಓದಿ ಯಾರೂ ಮನೆಯಲ್ಲೇ ಶುರು ಮಾಡಬೇಡಿ. ಇದ್ದಕ್ಕಿದ್ದಂತೆ ಸುತ್ತು ಬಂದರೆ ಮೊದಲು ಡಾಕ್ಟರ ಹತ್ತಿರ ಹೋಗಿ.)

ಬದುಕಿನ ತಬ್ಬಿಬ್ಬಿಗೂ ನಾನು ಇದೇ ಅಳತೆ ಇಟ್ಟುಕೊಂಡಿದ್ದೇನೆ. ಸಂಜೆಯ ಹೊತ್ತಿಗೆ ಇಳಿಯುವಷ್ಟು ತಬ್ಬಿಬ್ಬು ಇದ್ದರೆ ಒಳ್ಳೆಯದೇ. ಒಂದು ವಾರವಾದರೂ ಇಳಿಯದಿದ್ದರೆ ನಾನು ಹೊತ್ತುಕೊಂಡದ್ದೇ ಜಾಸ್ತಿ.

ನೇರಮಾತು

ಇದು ಚೆನ್ನಾಗಿದೆ ಮೇಡಂ. ಆದರೂ ಒಂದು ಅನುಮಾನ. ಸ್ಟಿಕ್ಕರ್ ಅಂಟಿಸಿದರೆ ಅದು ನಿಮ್ಮ ಮಾತ್ರೆ ಥರಾನಾ, ಚೀಟಿ ಮೇಲಿನ ಅಕ್ಷರದ ಥರಾನಾ?

ಕಿವಿಮಾತು

ಹಹ್ಹಾ. ಒಳ್ಳೇ ಪ್ರಶ್ನೆ. ಅಕ್ಷರದ ಥರ ಅಂತ ಕಾಣುತ್ತದೆ, ಕೈಯನ್ನು ನೀವೇ ಚಾಚಬೇಕಲ್ಲ. ಬಚ್ಚಲ ದೀಪವನ್ನು ರಾತ್ರಿಯಿಡೀ ಉರಿಸಿಬಿಟ್ಟರೆ ಅದು ಮಾತ್ರೆ.

ಕೀಲಿಮಣೆ

ನನ್ನದು ನಿಮ್ಮೆಲ್ಲರ ಹಾಗೆ ದೊಡ್ಡ ಕಥೆಯಲ್ಲ. ಆದರೆ ಹೇಳದೆ ಇರಲು ಆಗುತ್ತಿಲ್ಲ.

ನಾನು ಟೈಪಿಂಗ್ ಮಾಡಿಯೇ ಹೊಟ್ಟೆ ಹೊರೆಯುವವನು. ಹದಿನೆಂಟು ವರ್ಷ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲೇ ಕನ್ನಡ ಕುಟ್ಟಿದ್ದೆ, ನುಡಿ ತಂತ್ರಾಂಶದಲ್ಲಿ ಬರುವುದು ಅದೇ. ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದೆ. ಆಮೇಲೆ ಒಂದು ಕೆಲಸಕ್ಕೆ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ವಿನ್ಯಾಸ ಕಲಿಯಲೇಬೇಕಾಯಿತು. ಅದರಲ್ಲಿ ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. 'ಕ' ಒಂದು ಇದ್ದಲ್ಲೇ ಇತ್ತು, ಅದೊಂದೇ ನನ್ನ ಪಾಲಿಗೆ ನೆಂಟ. ಉಳಿದದ್ದೆಲ್ಲ ಅಪರಿಚಿತರು. ಹಳೆಯದರಲ್ಲಿ ಒತ್ತಕ್ಷರ ಹಾಕುವ ಕೀಲಿ ಎಲ್ಲಿತ್ತೋ ಅಲ್ಲೇ ಹೊಸದರಲ್ಲಿ ಗುಡಿಸು ಕೂತಿದೆ. 'ಕ್ಕ' ಅಂತ ಹೊಡೆದರೆ 'ಕಿಕ' ಅಂತ ಬರುತ್ತಿತ್ತು. ಅಕ್ಕ, ಪಕ್ಕ, ಚಿಕ್ಕ, ಒಂದೂ ನೆಟ್ಟಗಿಲ್ಲ. ಪರದೆ ಮೇಲೆ ಕಿಕಕಿಕ ಅಂತ ಯಾರೋ ನನ್ನನ್ನು ನೋಡಿ ನಗುತ್ತಿರುವ ಹಾಗೆ.

ಮೊದಲ ವಾರ ನನಗೆ ಬಂದದ್ದು ಸಿಟ್ಟಲ್ಲ, ನಾಚಿಕೆ. ಹದಿನೆಂಟು ವರ್ಷದ ಬೆರಳುಗಳು ಒಂದನೇ ಕ್ಲಾಸಿನ ಮಗುವಿನ ಬೆರಳಾಗಿ ಹೋದವು. ಹೊಸಮನೆಯವರು ಹೇಳಿದ ಕುತ್ತಿಗೆ ಬಿಸಿ ಇದೆಯಲ್ಲ, ಅದೇ.

ನಾನು ಮಾಡಿದ ತಪ್ಪು ಏನೆಂದರೆ ದಿನಕ್ಕೆ ಐದಾರು ಸಲ ಹಿಂದಕ್ಕೂ ಮುಂದಕ್ಕೂ ಹಾರುತ್ತಿದ್ದೆ. ಹೊಸದರಲ್ಲಿ ನಾಲ್ಕು ಸಾಲು ಹೊಡೆದು ಬೇಸರವಾದ ಕೂಡಲೇ ಹಳೆಯದು. ಎರಡೂ ಕಲಸಿ ಎರಡರಲ್ಲೂ ತಪ್ಪು. ಎರಡು ದೋಣಿಯಲ್ಲಿ ಕಾಲಿಡೋದು ಅಂದರೆ ಇದೇ. ಆಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆ. ಬೆಳಿಗ್ಗೆ ಮುಕ್ಕಾಲು ಗಂಟೆ ಹೊಸದು ಮಾತ್ರ, ಏನೇ ಆಗಲಿ ಹಿಂದಕ್ಕೆ ಹೋಗುವಂತಿಲ್ಲ, ಅದೂ ಅರ್ಜೆಂಟ್ ಇಲ್ಲದ ಕೆಲಸಕ್ಕೆ. ಉಳಿದ ಹೊತ್ತು ಹಳೆಯದು, ಯಾಕೆಂದರೆ ಹೊಟ್ಟೆ ಕೇಳಬೇಕಲ್ಲ. ಐದನೇ ವಾರ ಇರಬೇಕು, ಒಂದು ದಿನ ಬೇರೆ ಏನನ್ನೋ ಯೋಚಿಸುತ್ತಾ ಒಂದು ಪುಟ ಹೊಡೆದು ಮುಗಿಸಿದ್ದೆ. ಮುಗಿದ ಮೇಲೆ ನೋಡಿದರೆ ಹೊಸದರಲ್ಲಿ ಹೊಡೆದಿದ್ದೆ.

ಬೆಳೆದೆನಾ ಅಂತ ಕೇಳಿದರೆ ಗೊತ್ತಿಲ್ಲ. ಬೇರೆಯವರಿಗೆ ಕಲಿಸುವಾಗ ಮಾತ್ರ ಹಿಂದಿನಷ್ಟು ಗದರುವುದಿಲ್ಲ ಈಗ.

ಕೊನೆಬೆಂಚು

'ಅರ್ಜೆಂಟ್ ಇಲ್ಲದ ಕೆಲಸಕ್ಕೆ' ಅನ್ನೋದು ಬಂಗಾರದ ಮಾತು ಅಣ್ಣಾ.

ಇದಕ್ಕೆ ಹೊಂದುವ ಇನ್ನೊಂದು ಹಳೇ ಪ್ರಯೋಗ ಇದೆ, ಹೇಳಿಬಿಡುತ್ತೇನೆ. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಅನ್ನುವವರು ಕತ್ತಲಲ್ಲೇ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ಒಂದು ತಿರುಗಣೆಗೆ ಕಟ್ಟಿದರು. ಒಂದು ಮರಿ ತನ್ನ ಕಾಲಲ್ಲಿ ತಾನೇ ನಡೆಯುತ್ತದೆ. ಇನ್ನೊಂದು ಒಂದು ತೊಟ್ಟಿಲಿನಂಥ ಡಬ್ಬಿಯಲ್ಲಿ ಕೂತಿದೆ. ಮೊದಲನೆಯದು ನಡೆದ ಹಾಗೆ ಇದು ತಾನಾಗೇ ತಿರುಗುತ್ತದೆ. ಇಬ್ಬರಿಗೂ ಕಾಣುವುದು ಒಂದೇ ಗೋಡೆ, ಒಂದೇ ಗೆರೆಗಳು. ಆಮೇಲೆ ಪರೀಕ್ಷೆ ಮಾಡಿದರೆ ನಡೆದ ಮರಿ ಹಳ್ಳ ಕಂಡರೆ ಹಿಂದೆ ಸರಿಯುತ್ತಿತ್ತು, ಕೆಳಗಿಳಿಸಿದರೆ ನೆಲ ಹತ್ತಿರ ಬರುವಾಗ ಪಾದ ಚಾಚುತ್ತಿತ್ತು. ಕೂತು ನೋಡಿದ ಮರಿಗೆ ಇದ್ಯಾವುದೂ ಬರುತ್ತಿರಲಿಲ್ಲ. ಅದೂ ಎಲ್ಲಾ ನೋಡಿತ್ತು, ಆದರೆ ನೋಡಿದ್ದು ಯಾವುದೂ ಅದರ ಕಾಲಿಗೆ ಇಳಿದಿರಲಿಲ್ಲ.

ಪಾಪ ಅನ್ನಿಸುತ್ತದೆ ಈಗ. ಸದ್ಯ, ಆಮೇಲೆ ಎರಡು ದಿನ ಬೆಳಕಿನಲ್ಲಿ ಬಿಡುವಾಗಿ ಓಡಾಡಲು ಬಿಟ್ಟದ್ದಕ್ಕೆ ಅದೂ ಸರಿಹೋಯಿತಂತೆ.

ಮುಸ್ಸಂಜೆ

ಎಲ್ಲರ ಮಾತು ಓದಿದೆ. ಒಂದು ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ.

ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. 'ಇದನ್ನೂ ಒಂದು ಅವಕಾಶ ಅಂತ ನೋಡು' ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹೇಳಿದವರೆಲ್ಲ ತಮ್ಮ ತಮ್ಮ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದರು. ಬೆಳವಣಿಗೆ ಅನ್ನುವ ಪದ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಕೆಲಸ ಬಿಟ್ಟು ಕೆಲಸ ಹಿಡಿದವರ ತಬ್ಬಿಬ್ಬು ಬೇರೆ, ನಾವು ಕೇಳದೆ ಬಂದದ್ದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಆದರೆ ಆ ಬೆಕ್ಕಿನ ಮರಿಯ ವಿಷಯ ನಿಜ. ಇಪ್ಪತ್ತೆರಡು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದ ದಾರಿ. ಪ್ರತಿ ಮರವೂ ಗೊತ್ತು ಅಂದುಕೊಂಡಿದ್ದೆ. ಸ್ಟೀರಿಂಗ್ ನನ್ನ ಕೈಗೆ ಬಂದ ದಿನ ಎಲ್ಲಿ ತಿರುಗಬೇಕು ಅಂತಲೇ ತಿಳಿಯಲಿಲ್ಲ. ಎರಡು ಸಲ ಸುತ್ತಿ ಬಂದು ಗಾಡಿ ಪಕ್ಕಕ್ಕೆ ಹಾಕಿ ಅತ್ತೆ. ಕನ್ನಡಿ ಇನ್ನೂ ಅವರ ಎತ್ತರಕ್ಕೇ ಇತ್ತು. ನನಗೆ ಅದರಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ, ಗಾಡಿಯ ಚಾವಣಿ ಕಾಣುತ್ತಿತ್ತು. ಅದನ್ನು ತಿರುಗಿಸಲು ನನಗೆ ಹದಿನೈದು ದಿನ ಬೇಕಾಯಿತು. ತಿರುಗಿಸಿದರೆ ಅವರು ಪೂರ್ತಿ ಹೋದರು ಅಂತ ಆಗುತ್ತದೆ ಅನ್ನಿಸುತ್ತಿತ್ತು.

ಈಗ ಎಲ್ಲಿಗೆ ಬೇಕಾದರೂ ಓಡಿಸುತ್ತೇನೆ. ಕಲಿತೆ. ಬೇರೆ ದಾರಿ ಇರಲಿಲ್ಲ. ಇದನ್ನೆಲ್ಲ ವಾಪಸ್ ತಗೊಂಡು ಆ ಪಕ್ಕದ ಸೀಟು ಕೊಡುತ್ತೇವೆ ಅಂದರೆ ಈ ಗಳಿಗೆಯಲ್ಲೇ ಕೊಟ್ಟುಬಿಡುತ್ತೇನೆ.

ನೇರಮಾತು

ಅಕ್ಕಾ, ನಾನು ಇಲ್ಲಿ ಬರೀ ತಮಾಷೆ ಮಾಡುತ್ತಾ ಕೂತಿದ್ದೆ. ಕ್ಷಮಿಸಿ. ನೀವು ಬರೆದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೊಸಮನೆ

ಮುಸ್ಸಂಜೆ ಅಕ್ಕಾ, ನಿಮ್ಮ ಮಾತು ಓದಿ ನನ್ನ ಸ್ವಿಚ್ಚಿನ ಗೋಳು ಎಷ್ಟು ಸಣ್ಣದು ಅಂತ ನಾಚಿಕೆಯಾಯಿತು.

ಮುಸ್ಸಂಜೆ

ನಾಚಿಕೆ ಯಾಕಪ್ಪಾ. ಕತ್ತಲಲ್ಲಿ ಗೋಡೆ ತಡವುವಾಗ ಎಲ್ಲರದ್ದೂ ಒಂದೇ ಕತ್ತಲು. ನನಗೆ ಸಿಟ್ಟು ಬರುವುದು ಪಕ್ಕದಲ್ಲಿ ನಿಂತು ಭಾಷಣ ಮಾಡುವವರ ಮೇಲೆ.

ಪದಹುಚ್ಚು

ನಾನೊಂದು ಪದದ ಮಾತು ತೆಗೆಯಲಾ? ನನ್ನ ಖಾಯಿಲೆ ಅದು, ಬಿಡಲಾಗುವುದಿಲ್ಲ.

ನಾವು 'ದಿಗ್ಭ್ರಮೆ' ಅನ್ನುತ್ತೇವೆ. ಈಗ ಅದಕ್ಕೆ ಬರೀ ಆಘಾತ ಅನ್ನುವ ಅರ್ಥ ಉಳಿದಿದೆ, ಪೇಪರಿನಲ್ಲಿ ದಿನಕ್ಕೆ ನಾಲ್ಕು ಜನ ದಿಗ್ಭ್ರಮೆಗೆ ಒಳಗಾಗುತ್ತಾರೆ. ಬಿಡಿಸಿ ನೋಡಿದರೆ ದಿಕ್ಕು, ಭ್ರಮೆ. ದಿಕ್ಕಿನ ವಿಷಯದಲ್ಲಿ ಮೋಸ ಹೋಗೋದು. ಹೊಸಮನೆಯವರ ಎಡಗೈಗೆ ಆಗುತ್ತಿರುವುದು ಪಕ್ಕಾ ಅಕ್ಷರಾರ್ಥದ ದಿಗ್ಭ್ರಮೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದು. ಕನ್ನಡದಲ್ಲಿ ದಿಕ್ಕು ಅಂದರೆ ಬರೀ ಪೂರ್ವ ಪಶ್ಚಿಮ ಅಲ್ಲ. 'ಅವಳಿಗೆ ಯಾರು ದಿಕ್ಕು?' ಅಂತ ಕೇಳುತ್ತೇವೆ. 'ದಿಕ್ಕಿಲ್ಲದವನು' ಅಂದರೆ ದಾರಿ ತಪ್ಪಿದವನು ಅಂತ ಯಾರೂ ತಿಳಿಯುವುದಿಲ್ಲ, ಹಿಂದೆ ಮುಂದೆ ಯಾರೂ ಇಲ್ಲದವನು ಅಂತ ತಿಳಿಯುತ್ತಾರೆ. ದಾರಿ ತೋರುವುದಕ್ಕೂ ಆಸರೆಗೂ ನಮ್ಮ ಹಿರಿಯರು ಒಂದೇ ಪದ ಇಟ್ಟುಕೊಂಡರು. ಬೇಕೆಂದು ಮಾಡಿದರೋ ಸುಮ್ನೆ ಆಯಿತೋ, ನನಗಂತೂ ಸರಿಯಾಗೇ ಕಾಣುತ್ತದೆ.

2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯೊಂದರ ಸಂಶೋಧಕರು ಜನರನ್ನು ದೊಡ್ಡ ಕಾಡಿನಲ್ಲಿ, ಆಮೇಲೆ ಸಹಾರಾ ಮರುಭೂಮಿಯಲ್ಲಿ ಬಿಟ್ಟು 'ನೇರವಾಗಿ ನಡೆಯುತ್ತಾ ಹೋಗಿ' ಅಂದರು. ಬಿಸಿಲಿದ್ದಾಗ ಜನ ನೇರವಾಗೇ ಹೋದರು. ಮೋಡ ಮುಚ್ಚಿ ಸೂರ್ಯ ಕಾಣದೆ ಹೋದಾಗ ಕಾಡಿನಲ್ಲಿದ್ದವರು ಸುತ್ತಿ ಸುತ್ತಿ ತಾವು ತುಳಿದ ದಾರಿಯನ್ನೇ ಮತ್ತೆ ತುಳಿದರು. ತಾವು ನೇರ ಹೋಗುತ್ತಿದ್ದೇವೆ ಅಂತಲೇ ನಂಬಿದ್ದರು, ಅದು ಮುಖ್ಯ. ಕಣ್ಣಿಗೆ ಬಟ್ಟೆ ಕಟ್ಟಿ ಬಯಲಲ್ಲಿ ಬಿಟ್ಟರೆ ಕೆಲವರು ಇಪ್ಪತ್ತು ಮೀಟರ್ ಅಗಲದಷ್ಟು ಸಣ್ಣ ಸುತ್ತು ಹಾಕಿದರು.

ಒಳಗಿನ ಧೈರ್ಯ, ಛಲ ಎಲ್ಲಾ ಸರಿ. ಆದರೂ ಹೊರಗೆ ಅಲ್ಲಾಡದ ಗುರುತು ಒಂದು ಬೇಕು. ಕೀಲಿಮಣೆಯವರಿಗೆ 'ಕ' ಇತ್ತು. ಕಿವಿಮಾತು ಮೇಡಂ ರೋಗಿಗಳಿಗೆ ಚೀಟಿ ಇದೆ. ಹೊಸಮನೆಯವರೇ, ನಿಮಗೆ ಏನಿದೆ?

ಹೊಸಮನೆ

ಎರಡು ದಿನ ಯೋಚನೆ ಮಾಡಿದೆ. ಹೇಳಲು ನಗು ಬರುತ್ತದೆ. ದಿನಾ ಬೆಳಿಗ್ಗೆ ಶೇವ್ ಮಾಡುವ ಹೊತ್ತು, ಅದೇ ಹಳೇ ಕನ್ನಡಿ, ಮೂಲೆ ಚೂರಾದದ್ದು. ಅದನ್ನು ಎಸೆಯೋಣ ಅಂತಿದ್ದೆ. ಇನ್ನು ಎಸೆಯುವುದಿಲ್ಲ.

ಪೊರೆ

ತಡವಾಗಿ ಬಂದೆ. ನಾನು ಹಾವು ಹಿಡಿದು ಕಾಡಿಗೆ ಬಿಡುವವರ ಜೊತೆ ಕೆಲವು ವರ್ಷ ಓಡಾಡಿದ್ದೇನೆ. ಪೊರೆ ಕಳಚೋದು ಅಂತ ಎಲ್ಲರೂ ಕವಿತೆ ಥರ ಮಾತಾಡುತ್ತಾರೆ, ಹಳೆಯದನ್ನು ಬಿಟ್ಟು ಹೊಳೆಯುತ್ತಾ ಹೊರಗೆ ಬರೋದು ಇತ್ಯಾದಿ. ಅದಕ್ಕೆ ಮೊದಲಿನ ವಾರ ಹೇಗಿರುತ್ತದೆ ಅಂತ ಯಾರೂ ಹೇಳುವುದಿಲ್ಲ.

ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ, ಪೊರೆ ಹೋಗುವಾಗ ಅದೂ ಹೋಗಬೇಕು. ಹಳೇ ಪದರ ಹೊಸ ಪದರದ ನಡುವೆ ದ್ರವ ತುಂಬಿ ಕಣ್ಣು ಹಾಲು ಬೆರೆಸಿದ ನೀಲಿಯ ಹಾಗೆ ಮಂಜಾಗುತ್ತದೆ. ಆ ಕೆಲವು ದಿನ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸಂದಿಯಲ್ಲಿ ಅವಿತು ಕೂರುತ್ತದೆ, ಆಹಾರ ಮುಟ್ಟುವುದಿಲ್ಲ, ಹತ್ತಿರ ಹೋದರೆ ಯಾವಾಗಿನದ್ದಕ್ಕಿಂತ ಜಾಸ್ತಿ ಬುಸುಗುಟ್ಟುತ್ತದೆ. ಆಮೇಲೆ ಕಣ್ಣು ತಿಳಿಯಾಗುತ್ತದೆ. ಆಗಲೂ ಪೊರೆ ಬಿದ್ದಿರುವುದಿಲ್ಲ, ಇನ್ನೂ ಕೆಲವು ದಿನ ಬೇಕು. ಕೊನೆಗೆ ಒರಟು ಕಲ್ಲಿಗೋ ಬೇರಿಗೋ ಮೂತಿ ಉಜ್ಜಿ ತುಟಿಯ ಹತ್ತಿರ ಬಿಡಿಸಿಕೊಂಡು, ಕಾಲುಚೀಲ ತಿರುವಿ ಹಾಕಿದ ಹಾಗೆ ಹೊರಗೆ ಬರುತ್ತದೆ.

ಸಹಾಯ ಮಾಡುತ್ತೇನೆ ಅಂತ ಹೋಗಿ ಪೊರೆ ಎಳೆದವರನ್ನು ನೋಡಿದ್ದೇನೆ. ಎಳೆದರೆ ಅಡಿಯ ಹೊಸ ಚರ್ಮಕ್ಕೇ ಗಾಯ. ಅದಕ್ಕೆ ಬೇಕಾದದ್ದು ಒಂಚೂರು ತೇವ, ಉಜ್ಜಲು ಒಂದು ಒರಟು ಜಾಗ, ಮತ್ತೆ ಯಾರೂ ಮುಟ್ಟದೆ ಇರೋದು.

ಆ ಮಂಜುಗಣ್ಣಿನ ದಿನಗಳಲ್ಲಿ ದೊಡ್ಡ ತೀರ್ಮಾನ ಯಾವುದೂ ಮಾಡಬೇಡಿ ಅಂತ ನನ್ನ ಸ್ನೇಹಿತರಿಗೆಲ್ಲ ಹೇಳುತ್ತೇನೆ. ಕಾಣದೆ ಇರುವಾಗ ಕಚ್ಚಿದರೆ ಯಾರನ್ನು ಕಚ್ಚಿದೆ ಅಂತಲೂ ಗೊತ್ತಾಗುವುದಿಲ್ಲ ನೋಡಿ. ನಾನು ಕಚ್ಚಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಕೆಲಸ ಹೋದ ತಿಂಗಳಲ್ಲಿ ತಮ್ಮನ ಜೊತೆ ಮಾತು ಬಿಟ್ಟೆ. ಈಗ ನೆನೆಸಿಕೊಂಡರೆ ಜಗಳದ ಕಾರಣವೇ ನೆನಪಿಲ್ಲ, ಮಾತು ಮಾತ್ರ ಇನ್ನೂ ಸೇರಿಲ್ಲ.

ಕೀಲಿಮಣೆ

ಒಂದು ಫೋನ್ ಮಾಡಿ ಮಾರಾಯ್ರೆ. ಕಾರಣ ನೆನಪಿಲ್ಲದಿದ್ದರೆ ಇನ್ನೂ ಸುಲಭ.

ಪೊರೆ

ನೋಡೋಣ.

ಕೊನೆಬೆಂಚು

ಮುಸ್ಸಂಜೆ ಅಕ್ಕನ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ನನ್ನ ಮಾತಿಗೆ ನಾನೇ ವಿರುದ್ಧವಾಗಿ ಒಂದು ವಿಷಯ ಹಾಕುತ್ತೇನೆ, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ.

ಲಂಡನ್ನಿನ ಟ್ಯಾಕ್ಸಿ ಚಾಲಕರ ಸಂಶೋಧನೆ ಬಗ್ಗೆ ಕೆಲವರು ಕೇಳಿರಬಹುದು. ಅಲ್ಲಿ ಲೈಸೆನ್ಸ್ ಸಿಗಬೇಕಾದರೆ ಸುಮಾರು 25,000 ರಸ್ತೆಗಳನ್ನು ಬಾಯಿಪಾಠ ಮಾಡಬೇಕು, ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲೀನರ್ ಮಗ್ವೈರ್ ಮತ್ತು ಜೊತೆಗಾರರು 2000ದಲ್ಲಿ ಈ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಹಿಪೊಕ್ಯಾಂಪಸ್ ಅನ್ನುವ ಭಾಗದ ಹಿಂಬದಿ ಬೇರೆಯವರಿಗಿಂತ ದೊಡ್ಡದಾಗಿತ್ತು. 'ನೋಡಿ, ಕಷ್ಟಪಟ್ಟರೆ ಮಿದುಳೇ ಬೆಳೆಯುತ್ತದೆ' ಅಂತ ಎಲ್ಲರೂ ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ.

ಮುಂದಿನದ್ದು ಕೇಳಿ. 2011ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 79 ಅಭ್ಯರ್ಥಿಗಳನ್ನು ಮೊದಲಿನಿಂದಲೇ ಹಿಂಬಾಲಿಸಿದರು. ಪಾಸಾದವರು 39 ಜನ. ಮಿದುಳಿನ ಆ ಭಾಗ ಬೆಳೆದದ್ದು ಆ ಪಾಸಾದವರಲ್ಲಿ ಮಾತ್ರ. ಪಾಸಾಗದವರೂ ಅದೇ ಗೊಂದಲದಲ್ಲಿ ತಲೆ ಹಾಕಿದ್ದರು, ಆದರೆ ಅವರ ಸ್ಕ್ಯಾನಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಇನ್ನೂ ಒಂದು: ಪಾಸಾದವರಿಗೆ ಹೊಸದಾಗಿ ನೋಡಿದ ಚಿತ್ರವೊಂದನ್ನು ನೆನಪಿಟ್ಟುಕೊಳ್ಳುವ ಒಂದು ಥರದ ಪರೀಕ್ಷೆಯಲ್ಲಿ ಬೇರೆಯವರಿಗಿಂತ ಕಡಿಮೆ ಬಂತು. ಅಂದರೆ ಒಂದು ಕಡೆ ಬಂದದ್ದಕ್ಕೆ ಇನ್ನೊಂದು ಕಡೆ ತೆತ್ತಿದ್ದಾರೆ.

ಹಾಗಾಗಿ ದಿಕ್ಕು ತಪ್ಪಿದವರೆಲ್ಲ ಬೆಳೆದೇ ಬೆಳೆಯುತ್ತಾರೆ ಅಂತ ನಾನು ಇನ್ನು ಹೇಳುವುದಿಲ್ಲ. ಬೆಳೆಯಲಿಲ್ಲ ಅಂದರೆ ಅವರದ್ದೇ ತಪ್ಪು ಅಂತಲೂ ಅಲ್ಲ. ಬಾಗಿಲು ತೆರೆದಿರುತ್ತದೆ, ಅಷ್ಟೇ. ದಾಟಲು ಬೇಕಾದ ಬಿಡುವು, ಜನ, ಕೈಯಲ್ಲಿ ಒಂದಿಷ್ಟು ಕಾಸು, ಇವೆಲ್ಲ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿರುವುದಿಲ್ಲ. ನನಗೆ ಸಿಕ್ಕಿತ್ತು.

ಮುಸ್ಸಂಜೆ

ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್ ಕಣಪ್ಪಾ. ಇಷ್ಟು ಹೇಳಿದ್ದರೆ ಸಾಕಿತ್ತು ನನಗೆ ಆವತ್ತು.

ಕಿವಿಮಾತು

ನನ್ನ ಹತ್ತಿರ ಬರುವವರಲ್ಲೂ ಕೆಲವರಿಗೆ ಪೂರ್ತಿ ಹೋಗುವುದಿಲ್ಲ. ಸುಸ್ತಾದ ದಿನ, ನಿದ್ದೆ ಇಲ್ಲದ ದಿನ, ಹಳೇ ಸುತ್ತು ಇಣುಕುತ್ತದೆ. ಬಂದಾಗ 'ಓ, ನೀನಾ' ಅನ್ನಿ ಅಂತ ಹೇಳುತ್ತೇನೆ. ಅದರಲ್ಲಿ ಅರ್ಧ ಜನಕ್ಕೆ ನಗು ಬರುತ್ತದೆ.

ಹೊಸಮನೆ

ಮೂರು ವಾರವಾಯಿತು, ಸುದ್ದಿ ಹೇಳಿ ಹೋಗೋಣ ಅಂತ ಬಂದೆ.

ಸಂಜೆಯ ಲೆಕ್ಕ ಹಾಕುವ ಹೊತ್ತಿಗೆ ನಡೆಯಲು ಹೋಗುತ್ತಿದ್ದೇನೆ, ದಿನಾ ಒಂದೊಂದು ಗೊತ್ತಿಲ್ಲದ ರಸ್ತೆ, ಫೋನ್ ಮನೆಯಲ್ಲೇ. ಎರಡು ಸಲ ದಾರಿ ತಪ್ಪಿದೆ. ಎರಡನೇ ಸಲ ಅಷ್ಟು ಭಯವಾಗಲಿಲ್ಲ. ಆಫೀಸಿನಲ್ಲಿ ಆ ಹುಡುಗಿಗೆ ನೇರವಾಗಿ ಹೇಳಿಬಿಟ್ಟೆ, 'ನೋಡಮ್ಮಾ, ನಾನು ಇನ್ನೂ ಆರು ತಿಂಗಳು ಕೇಳುತ್ತಲೇ ಇರುತ್ತೇನೆ, ಬೇಜಾರು ಮಾಡ್ಕೋಬೇಡ' ಅಂತ. ಅವಳು 'ಸರ್, ನಾನು ಸೇರಿದಾಗ ಒಂದು ವರ್ಷ ಕೇಳಿದ್ದೆ' ಅಂದಳು. ಕುತ್ತಿಗೆ ಬಿಸಿಯಾಗೋದು ಅರ್ಧ ಆವತ್ತೇ ಇಳಿಯಿತು. ತಪ್ಪು ಮಾಡಿದೆನಾ ಅನ್ನೋ ಪ್ರಶ್ನೆ ಹೋಗಿಲ್ಲ, ಆದರೆ ಅದು ಬರುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ.

ಈಗ ಮುಖ್ಯ ವಿಷಯ. ಮೊನ್ನೆ ಬಿಟ್ಟು ಬಂದಿದ್ದ ಒಂದು ಪೆಟ್ಟಿಗೆ ತರಲು ಹಳೇ ಮನೆಗೆ ಹೋಗಿದ್ದೆ. ಹೊಸ ಬಾಡಿಗೆದಾರರು ಇನ್ನೂ ಬಂದಿಲ್ಲ, ಮನೆ ಖಾಲಿ. ಸಂಜೆ ಕತ್ತಲಾಗಿತ್ತು. ಬಚ್ಚಲ ಬಾಗಿಲಿಗೆ ಹೋಗಿ ಕೈ ಚಾಚಿದೆ. ಬಲಗೈ. ಸೊಂಟದ ಎತ್ತರಕ್ಕೆ. ಬರೀ ಗೋಡೆ! ಹದಿನಾಲ್ಕು ವರ್ಷ ಇದ್ದ ಮನೆಯಲ್ಲಿ ಸ್ವಿಚ್ ಎಲ್ಲಿದೆ ಅಂತ ಹುಡುಕುತ್ತಾ ನಿಂತಿದ್ದೆ. ಒಬ್ಬನೇ ನಕ್ಕೆ, ಆಮೇಲೆ ಗಂಟಲು ಕಟ್ಟಿತು, ಯಾಕೆ ಅಂತ ಗೊತ್ತಿಲ್ಲ.

ಕೊನೆಬೆಂಚು

ಸ್ಟ್ರಾಟನ್ನಿಗೂ ಇದೇ ಆಯಿತು! ಹೇಳಲು ಮರೆತಿದ್ದೆ. ಎಂಟನೇ ದಿನ ಕೊಳವೆ ತೆಗೆದಾಗ ಜಗತ್ತು ತಲೆಕೆಳಗೇನೂ ಕಾಣಲಿಲ್ಲ, ಆದರೆ ಏನೋ ವಿಚಿತ್ರ, ಪರಕೀಯ. ಹಲವು ಗಂಟೆ ಹೊತ್ತು ಕೈ ತಪ್ಪು ಕಡೆಗೇ ಹೋಗುತ್ತಿತ್ತಂತೆ.

ನೇರಮಾತು

ಹಾಗಾದರೆ ಆ ಸ್ಟಿಕ್ಕರ್ ತಗೊಂಡು ಹೋಗಿ ಹಳೇ ಮನೆಗೇ ಅಂಟಿಸಿ ಬನ್ನಿ.